ಪೇಟೆ ರಸ್ತೆಗೂ ಒಬ್ಬ ಯಜಮಾನ ಇದ್ದಾನೆ: ಅಪಘಾತ ತಡೆಯೋಕೆ ಮಂಡ್ಯ ಜಿಲ್ಲೆಯ ಊರುಗಳು ಏನು ಕೇಳಬೇಕು, ಯಾರನ್ನ ಕೇಳಬೇಕು?

ಮಂಡ್ಯ: ಪೇಟೆಯಲ್ಲಿ ಜೀವ ಹೋಗೋವಂಥ ಅಪಘಾತ ಆದ ಮಾರನೇ ದಿನ ಏನಾಗುತ್ತೆ ಅನ್ನೋದನ್ನ ಜಿಲ್ಲೆಯ ಯಾವ ಊರಿನವರಿಗೂ ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ರಸ್ತೆ ತಡೆ, ಟೈರಿಗೆ ಬೆಂಕಿ. ಪೊಲೀಸರು ಬಂದು ಸಮಾಧಾನ ಮಾಡ್ತಾರೆ, ಮುಖಂಡರು ಯಾರಿಗೋ ಫೋನ್ ಹಚ್ಚುತ್ತಾರೆ. ಸಂಜೆ ಹೊತ್ತಿಗೆ ಒಂದು ಲೋಡು ಜಲ್ಲಿ ಡಾಂಬರು ಬಂದು ರಸ್ತೆಗೆ ಅಡ್ಡಲಾಗಿ ಹಂಪ್ ಬೀಳುತ್ತೆ. ಅದಕ್ಕೆ ಬಣ್ಣ ಇಲ್ಲ, ಹಿಂದೆ ಮುಂದೆ ಬೋರ್ಡ್ ಇಲ್ಲ. ಹದಿನೈದು ದಿನ ಕಳೆದ ಮೇಲೆ ಕತ್ತಲಲ್ಲಿ ಬೈಕ್ ಹಿಂದೆ ಕೂತು ಬರ್ತಿದ್ದ ಹೆಣ್ಣುಮಗಳು ಅದೇ ಹಂಪ್ ಮೇಲೆ ಎಗರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ತಾಳೆ. ಆಗ ಇನ್ನೊಂದು ಮನವಿ ಹೋಗುತ್ತೆ, ಹಂಪ್ ತೆಗೆಸಿ ಅಂತ.

ಸಿಟ್ಟು ನ್ಯಾಯವಾದದ್ದೇ. ಆದ್ರೆ ಆ ಒಂದು ದಿನದ ಸಿಟ್ಟಿನಲ್ಲಿ ಸಿಗೋದು ಒಂದು ಹಂಪ್ ಮಾತ್ರ. ರಸ್ತೆ ಯಾರದ್ದು, ಅಲ್ಲಿ ಏನು ಬದಲಾಗಬೇಕು, ಯಾವ ಕಚೇರಿಯಲ್ಲಿ ಕಾಗದ ಕೊಡಬೇಕು, ಪೆಟ್ಟಾದವರಿಗೆ ಸರ್ಕಾರದಿಂದ ಏನು ಸಿಗಬೇಕು ಅನ್ನೋದು ಗೊತ್ತಿದ್ರೆ ಕೆಲಸ ಬೇರೆ ರೀತಿ ಆಗುತ್ತೆ. ಈ ಲೇಖನ ಇರೋದು ಅದಕ್ಕೇ.

ನಮ್ಮ ಜಿಲ್ಲೆಯಲ್ಲೇ ಸಾವು ಇಳಿದದ್ದು

ಅಪಘಾತ ವಿಧಿ, ಯಾರೇನೂ ಮಾಡೋಕಾಗಲ್ಲ ಅನ್ನೋರು ಬೆಂಗಳೂರು–ಮೈಸೂರು ಹೆದ್ದಾರಿಯ ಲೆಕ್ಕ ನೋಡಬೇಕು. ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಶುರುವಿನ ತಿಂಗಳುಗಳಲ್ಲಿ ಬೆಳಗಾದ್ರೆ ಒಂದು ಸಾವಿನ ಸುದ್ದಿ. ಪೊಲೀಸರ ಲೆಕ್ಕದ ಪ್ರಕಾರ ಆ ವರ್ಷ ಮೇ ತಿಂಗಳಲ್ಲಿ 29, ಜೂನ್‌ನಲ್ಲಿ 28 ಜನ ಸತ್ತರು. ಆಮೇಲೆ ವೇಗ ಅಳೆಯೋ ಯಂತ್ರ ಹಿಡಿದು ಪೊಲೀಸರು ರಸ್ತೆಯಲ್ಲಿ ನಿಂತರು, ಗಂಟೆಗೆ 100 ಕಿ.ಮೀ. ದಾಟಿದವರಿಗೆ ದಂಡ ಬಿತ್ತು. ಜುಲೈನಲ್ಲಿ ಸತ್ತವರು 8 ಜನ. ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನ ಮುಖ್ಯ ಪಥದಿಂದ ಸರ್ವಿಸ್ ರಸ್ತೆಗೆ ಕಳಿಸಿದ್ರು. 2023ರಲ್ಲಿ ಒಟ್ಟು 188 ಇದ್ದ ಸಾವು 2024ರಲ್ಲಿ 50ಕ್ಕೆ ಬಂತು.

ಅದೇ ಜನ, ಅದೇ ಡ್ರೈವರ್‌ಗಳು. ಬದಲಾಗಿದ್ದು ಎರಡೇ: ವೇಗಕ್ಕೆ ಲಗಾಮು ಬಿತ್ತು, ನಿಧಾನದ ಗಾಡಿ ಮತ್ತು ವೇಗದ ಗಾಡಿ ಬೇರೆ ಬೇರೆ ಆದವು. ಸರ್ವಿಸ್ ರಸ್ತೆ ಕಥೆ ಬೇರೆ ಬಿಡಿ. ಬೈಕಿನವರನ್ನ ಕೆಳಗಿಳಿಸಿದ ಮೇಲೆ ಅಲ್ಲಿನ ಗುಂಡಿ, ಚರಂಡಿ, ಎದುರು ದಿಕ್ಕಿನಲ್ಲಿ ನುಗ್ಗಿ ಬರೋ ಗಾಡಿ ಎಲ್ಲವೂ ಅವರ ಪಾಲಿಗೇ ಬಂದವು.

ಆದ್ರೆ ಆ ಗಮನ ಪೇಟೆಯೊಳಗಿನ ರಸ್ತೆಗೆ ಬರಲಿಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತ 1,68,491 ಜನರಲ್ಲಿ ನೂರಕ್ಕೆ 68ರಷ್ಟು ಮಂದಿ ಸತ್ತದ್ದು ಗ್ರಾಮೀಣ ಪ್ರದೇಶದಲ್ಲಿ. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, 19ಕ್ಕೂ ಹೆಚ್ಚು ಮಂದಿ ನಡೆದು ಹೋಗ್ತಿದ್ದವರು. ಅತಿ ಹೆಚ್ಚು ಅಪಘಾತ ಆಗಿದ್ದು ಸಂಜೆ 6ರಿಂದ ರಾತ್ರಿ 9ರ ನಡುವೆ, ಅಂದ್ರೆ ಅಂಗಡಿ ಬೀದಿ ತುಂಬಿರೋ ಹೊತ್ತಿನಲ್ಲಿ.

ಮೊದಲು ರಸ್ತೆ ಯಾರದ್ದು ಅಂತ ನೋಡಿ

ಪುರಸಭೆ ಮುಂದೆ ಧರಣಿ ಕೂತು, ಕೊನೆಗೆ ‘ಇದು ನಮ್ಮ ರಸ್ತೆ ಅಲ್ಲ’ ಅನ್ನಿಸಿಕೊಂಡು ಎದ್ದು ಬಂದವರು ಎಷ್ಟೋ ಜನ. ಊರೊಳಗೆ ಹಾದು ಹೋಗುತ್ತೆ ಅಂದ ಮಾತ್ರಕ್ಕೆ ರಸ್ತೆ ಪುರಸಭೆದಾಗಲ್ಲ.

ಸುಲಭದ ಗುರುತು ಕಿಲೋಮೀಟರ್ ಕಲ್ಲು. ಕಲ್ಲಿನ ತಲೆಗೆ ಹಳದಿ ಬಣ್ಣ ಇದ್ರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ರೆ ರಾಜ್ಯ ಹೆದ್ದಾರಿ, ಕಪ್ಪು ಇದ್ರೆ ಜಿಲ್ಲಾ ರಸ್ತೆ, ಕಿತ್ತಳೆ ಇದ್ರೆ ಹಳ್ಳಿ ರಸ್ತೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಗೂ ಅದರ ಸರ್ವಿಸ್ ರಸ್ತೆಗೂ ಹೆದ್ದಾರಿ ಪ್ರಾಧಿಕಾರ ಹೊಣೆ. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಕಡೆ ಹಾಯೋ 150ಎ ಕೂಡ ರಾಷ್ಟ್ರೀಯ ಹೆದ್ದಾರಿ. ಅದಕ್ಕೆ ಕಾಗದ ಕೊಡಬೇಕಾದ್ದು ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗಕ್ಕೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿಯವರದ್ದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ನಾಲೆ ಏರಿ ಮೇಲಿನ ದಾರಿ ಕಾವೇರಿ ನೀರಾವರಿ ನಿಗಮದ್ದು. ವಾರ್ಡ್ ರಸ್ತೆ, ಚರಂಡಿ, ಬೀದಿದೀಪ ಪುರಸಭೆಗೆ ಸೇರಿದ್ದು. ದೀಪ ಉರೀತಿಲ್ಲ ಅಂತ ಸೆಸ್ಕ್‌ಗೆ ಫೋನ್ ಮಾಡಿದ್ರೆ, ಬಲ್ಬು ಪುರಸಭೆಯವರದ್ದು ಅನ್ನೋ ಉತ್ತರ ಬರೋದು ಇದೇ ಕಾರಣಕ್ಕೆ.

ಬೈಪಾಸ್ ಆದ ಮೇಲೆ ಮದ್ದೂರು, ಮಂಡ್ಯದ ಒಳಗೆ ಉಳಿದ ಹಳೇ ಹೆದ್ದಾರಿಯಂಥ ರಸ್ತೆಗಳನ್ನ ಇಲ್ಲಿ ಬೇರೆಯಾಗೇ ನೋಡಬೇಕು. ಹೊರಗಿನ ಗಾಡಿ ಕಮ್ಮಿ ಆಗಿದೆ, ಆದ್ರೆ ಅಗಲ ಹಾಗೇ ಇದೆ. ಅಗಲ ಇದ್ದಷ್ಟೂ ಆಕ್ಸಿಲರೇಟರ್ ತಿರುಗುತ್ತೆ. ಇಂಥ ಕಡೆ ಕೇಳಬೇಕಾದ್ದು ರಸ್ತೆ ಅಗಲ ಮಾಡಿ ಅಂತ ಅಲ್ಲ. ನಡೆಯೋರಿಗೆ ಜಾಗ ಬಿಡಿ, ದಾಟುವವರು ಮಧ್ಯದಲ್ಲಿ ನಿಂತು ಉಸಿರು ತಗೊಳ್ಳೋಕೆ ಡಿವೈಡರ್‌ನಲ್ಲಿ ಒಂದು ಕಟ್ಟೆ ಬಿಡಿ ಅಂತ.

ನಾಲ್ಕು ಅಂಗಡಿ, ಒಂಬತ್ತು ಅಂಗಡಿ

ಊರೊಳಗೆ 50ರಲ್ಲಿ ಹೋಗೋದು ತೀರಾ ಜೋರಲ್ಲ ಅಂತ ಬಹಳ ಜನರ ಅನಿಸಿಕೆ. ಲೆಕ್ಕ ಹಾಕಿ ನೋಡೋಣ. ಎದುರಿಗೆ ಮಗು ಓಡಿ ಬಂತು, ಬ್ರೇಕ್ ಒತ್ತಬೇಕು ಅಂತ ತಲೆಗೆ ಹೊಳೆದು ಕಾಲು ಒತ್ತೋ ಹೊತ್ತಿಗೇ ಒಂದು ಸೆಕೆಂಡ್ ಹೋಗಿರುತ್ತೆ. ಗಂಟೆಗೆ 30 ಕಿ.ಮೀ. ವೇಗದಲ್ಲಿದ್ರೆ ಆ ಒಂದು ಸೆಕೆಂಡಿನಲ್ಲಿ ಗಾಡಿ 8 ಮೀಟರ್ ಮುಂದೆ ಹೋಗುತ್ತೆ. ಒಣ ರಸ್ತೆಯಲ್ಲಿ ಒಳ್ಳೇ ಬ್ರೇಕ್ ಇದ್ರೆ ಇನ್ನು 5 ಮೀಟರ್‌ನಲ್ಲಿ ನಿಲ್ಲುತ್ತೆ. ಒಟ್ಟು 13 ಮೀಟರ್. 50ರಲ್ಲಿದ್ರೆ ಒಟ್ಟು ಸುಮಾರು 28 ಮೀಟರ್ ಬೇಕು.

ಹತ್ತು ಅಡಿ ಮಳಿಗೆ ಲೆಕ್ಕದಲ್ಲಿ ಹೇಳೋದಾದ್ರೆ 30ರಲ್ಲಿ ಬಂದವನು ನಾಲ್ಕು ಅಂಗಡಿ ದಾಟೋದ್ರಲ್ಲಿ ನಿಲ್ತಾನೆ, 50ರಲ್ಲಿ ಬಂದವನಿಗೆ ಒಂಬತ್ತು ಅಂಗಡಿ ಬೇಕು. ಮಳೆ ಬಿದ್ದ ರಸ್ತೆ, ಸವೆದ ಟೈರ್, ಮೂರು ಜನ ಕೂತ ಬೈಕ್ ಆದ್ರೆ ಇನ್ನೂ ದೂರ. ಸಿಗ್ನಲ್ ಇಲ್ಲದ, ಫುಟ್‌ಪಾತ್ ಇಲ್ಲದ ಪೇಟೆ ಬೀದಿಯಲ್ಲಿ 30ಕ್ಕಿಂತ ಹೆಚ್ಚು ವೇಗಕ್ಕೆ ಜಾಗವೇ ಇಲ್ಲ.

ಹಾಗಾದ್ರೆ ಹಂಪ್ ಬೇಡವಾ? ಬೇಕು, ಸರಿಯಾದ್ದು ಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಅಳತೆ ಕೊಟ್ಟಿದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಅಂದ್ರೆ ಹನ್ನೆರಡು ಅಡಿ ಅಗಲಕ್ಕೆ ನಾಲ್ಕು ಇಂಚು ಎತ್ತರ, ಆಮೆ ಬೆನ್ನಿನ ಥರ ಇಳಿಜಾರು. ಮೇಲೆ ಕಪ್ಪು ಬಿಳಿ ಪಟ್ಟೆ, 40 ಮೀಟರ್ ಮೊದಲೇ ಎಚ್ಚರಿಕೆ ಬೋರ್ಡ್ ಇರಬೇಕು. ಇಂಥ ಹಂಪ್ ಮೇಲೆ 25ರಲ್ಲಿ ಹೋದ್ರೆ ಗಾಡಿಗೂ ತೊಂದರೆ ಇಲ್ಲ, ಸೊಂಟಕ್ಕೂ ತೊಂದರೆ ಇಲ್ಲ. ನಮ್ಮಲ್ಲಿ ಹಾಕೋದು ಎರಡಡಿ ಅಗಲದ ದಿಬ್ಬ. ಅದು ಬೈಕನ್ನ ಎತ್ತಿ ಹಾಕುತ್ತೆ, ಬಸುರಿ ಹೆಂಗಸಿಗೆ ಯಮ, 108 ಗಾಡಿಯೊಳಗೆ ಮಲಗಿದವರ ಪಾಡು ಕೇಳೋದೇ ಬೇಡ.

ರಾಷ್ಟ್ರೀಯ ಹೆದ್ದಾರಿಯಲ್ಲಂತೂ ಹಂಪ್ ಕೇಳಿ ಪ್ರಯೋಜನ ಇಲ್ಲ. ಇರೋದನ್ನೇ ತೆಗೀರಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲೇ ಹೇಳಿದೆ. ಅಲ್ಲಿ ಕೇಳಬೇಕಾದ್ದು ಊರು ಶುರುವಾಗೋ ಮೊದಲೇ ರಂಬಲ್ ಪಟ್ಟಿ, ವೇಗಮಿತಿ ಬೋರ್ಡ್, ಡಿವೈಡರ್, ದೀಪ. ರಾಜ್ಯ ಹೆದ್ದಾರಿ ಮತ್ತು ಪೇಟೆ ರಸ್ತೆಯಲ್ಲಿ ಶಾಲೆ ಮುಂದೆ, ಬಸ್ ನಿಲ್ದಾಣದ ಮುಂದೆ ಹಂಪ್ ಬದಲು ಎತ್ತರಿಸಿದ ಜೀಬ್ರಾ ಕ್ರಾಸಿಂಗ್ ಕೇಳಬಹುದು. ಅದು ಹಂಪ್ ಕೆಲಸವನ್ನೂ ಮಾಡುತ್ತೆ, ಜನ ಎಲ್ಲಿ ದಾಟಬೇಕು ಅನ್ನೋದನ್ನೂ ತೋರಿಸುತ್ತೆ.

ಅಂಗಡಿ ಮುಂದಿನ ಹತ್ತು ಅಡಿ

ಇದು ಅಂಗಡಿಯವರಿಗೆ ಇಷ್ಟ ಆಗದ ಮಾತು, ಆದ್ರೂ ಹೇಳಲೇಬೇಕು. ಚರಂಡಿ ಮೇಲಿನ ಕಲ್ಲುಚಪ್ಪಡಿ ತನಕ ಅಂಗಡಿ ಸಾಮಾನು, ಅದರಾಚೆ ಬೋರ್ಡು, ಅದರಾಚೆ ಸಾಲು ಬೈಕ್, ಅದರಾಚೆ ಹಣ್ಣಿನ ಗಾಡಿ. ನಡೆಯೋನಿಗೆ ಉಳಿಯೋದು ಲಾರಿ ಚಕ್ರದ ಪಕ್ಕದ ಡಾಂಬರು. ಪೇಟೆಯಲ್ಲಿ ನಡೆದು ಹೋಗೋರಿಗೆ ಆಗೋ ಅಪಘಾತಕ್ಕೆ ಬರೀ ಡ್ರೈವರ್‌ನ ಬೈದ್ರೆ ಅರ್ಧ ಸತ್ಯ ಹೇಳಿದಂಗೆ.

ಪಾರ್ಕಿಂಗ್ ನಿಲ್ಲಿಸಿದ್ರೆ ವ್ಯಾಪಾರ ಬೀಳುತ್ತೆ ಅನ್ನೋ ಭಯ ಸುಳ್ಳಲ್ಲ. ಆದ್ರೆ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿ ಸಾಲಿನಲ್ಲಿ ಒಂದು ಸುತ್ತು ಹಾಕಿ, ಶಟರ್ ಮುಂದೆ ನಿಂತ ಬೈಕುಗಳು ಯಾರವು ಅಂತ ಕೇಳಿ ನೋಡಿ. ಎಷ್ಟೋ ಗಾಡಿ ಮಾಲೀಕರದ್ದೇ, ಇಲ್ಲ ಕೆಲಸದ ಹುಡುಗರದ್ದು. ಬೆಳಿಗ್ಗೆ ನಿಲ್ಲಿಸಿದ್ರೆ ರಾತ್ರಿ ಬಾಗಿಲು ಹಾಕೋ ತನಕ ಅಲ್ಲೇ. ಗಿರಾಕಿ ಬಂದು ಜಾಗ ಇಲ್ಲದೆ ನಡುರಸ್ತೆಯಲ್ಲಿ ನಿಲ್ಲಿಸ್ತಾನೆ. ಮಾಲೀಕರು ತಮ್ಮ ತಮ್ಮ ಗಾಡಿಗಳನ್ನ ಹಿಂದಿನ ಬೀದಿಗೆ ಹಾಕಿದ್ರೆ ಸಾಕು, ಯಾವ ಆದೇಶವೂ ಇಲ್ಲದೆ ಅರ್ಧ ಜಾಗ ಬಿಡುವಾಗುತ್ತೆ.

ಎರಡನೇದು ಲಾರಿ ಅನ್‌ಲೋಡಿಂಗ್. ಶಾಲೆ, ಕಾಲೇಜು ಶುರುವಾಗೋ ಹೊತ್ತಿಗೇ ಸಿಮೆಂಟು, ದಿನಸಿ, ಗೊಬ್ಬರದ ಲಾರಿಗಳು ಬೀದಿಗೆ ಬರ್ತವೆ. ನಿಂತ ಲಾರಿ ಸುತ್ತಿಕೊಂಡು ಸೈಕಲ್ ಹುಡುಗರು ರಸ್ತೆ ನಡುವಿಗೆ ಬರ್ತಾರೆ, ಎದುರಿನ ಬಸ್ ಅವರಿಗೆ ಕಾಣಲ್ಲ. ಬೆಳಿಗ್ಗೆ 8ರ ಒಳಗೆ ಇಲ್ಲವೇ ರಾತ್ರಿ 9ರ ಮೇಲೆ ಅನ್‌ಲೋಡ್ ಅಂತ ವರ್ತಕರ ಸಂಘ ತಾನೇ ತೀರ್ಮಾನ ಮಾಡಿಕೊಳ್ಳಬಹುದು. ಕಾನೂನಿನ ಬಲ ಬೇಕಂದ್ರೆ ಭಾರಿ ವಾಹನಕ್ಕೆ ಹೊತ್ತು ಗೊತ್ತು ಮಾಡೋದು, ಏಕಮುಖ ಸಂಚಾರ, ವಾಹನ ನಿಲುಗಡೆ ನಿಷೇಧ ಇವಕ್ಕೆಲ್ಲ ಜಿಲ್ಲಾಧಿಕಾರಿ ಆದೇಶ ಹೊರಡಿಸಬಹುದು. ಮೋಟಾರು ವಾಹನ ಕಾಯ್ದೆಯ 115, 116, 117ನೇ ಕಲಂ, ಜೊತೆಗೆ ರಾಜ್ಯದ 1989ರ ನಿಯಮಾವಳಿ ಇದಕ್ಕೆ ಆಧಾರ. ತಳ್ಳುಗಾಡಿಯವರನ್ನ ಓಡಿಸೋದು ಪರಿಹಾರ ಅಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಕೂತು ಅವರಿಗೊಂದು ಜಾಗ ಗುರುತು ಮಾಡಿಕೊಡಬೇಕು.

ಇನ್ನು ಸರ್ಕಲ್‌ನ ಫ್ಲೆಕ್ಸ್. ಹುಟ್ಟುಹಬ್ಬದ ಶುಭಾಶಯ, ಜಾತ್ರೆ ಸ್ವಾಗತ, ಶ್ರದ್ಧಾಂಜಲಿ ಎಲ್ಲವೂ ತಿರುವಿನ ಮೂಲೆಯಲ್ಲೇ ಕಟ್ಟಬೇಕು. ಆ ಮೂಲೆಯಲ್ಲೇ ತಿರುಗೋ ಬೈಕಿನವನಿಗೆ ಎಡದಿಂದ ಬರೋ ಗಾಡಿ ಕಾಣಬೇಕಾಗಿರೋದು. ಇದನ್ನ ಬಿಚ್ಚಿಸೋಕೆ ಯಾವ ಅನುದಾನವೂ ಬೇಕಿಲ್ಲ, ಪುರಸಭೆ ಮುಖ್ಯಾಧಿಕಾರಿಗೆ ಧೈರ್ಯ ಬೇಕು ಅಷ್ಟೇ.

ಕಬ್ಬಿನ ಗಾಡಿ, ಹುರುಳಿ ಸೊಪ್ಪು, ನಾಲೆ ಏರಿ

ನಮ್ಮ ಜಿಲ್ಲೆಯ ರಸ್ತೆಗೆ ಬೆಂಗಳೂರಿಗೆ ಇಲ್ಲದ ಅಪಾಯಗಳಿವೆ. ಕಬ್ಬು ಕಡಿಯೋ ಕಾಲದಲ್ಲಿ ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಸಿಕ್ಕಿಸಿ, ಅಗಲಕ್ಕೂ ಎತ್ತರಕ್ಕೂ ಮೀರಿ ಕಬ್ಬು ತುಂಬಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ರಾತ್ರಿ ಸಾಲುಗಟ್ಟಿ ಹೋಗ್ತವೆ. ಹಾಡು ಜೋರಾಗಿರುತ್ತೆ, ಹಾರನ್ ಕೇಳಲ್ಲ. ಎದುರು ಗಾಡಿಯ ಲೈಟ್ ಕಣ್ಣಿಗೆ ಬಿದ್ದ ಬೈಕಿನವನಿಗೆ ಮುಂದೆ ಕಬ್ಬಿನ ಗಾಡಿ ಇದೆ ಅಂತ ಗೊತ್ತಾಗೋದು ಗುದ್ದಿದ ಮೇಲೆ. ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲೇಬೇಕು ಅನ್ನೋದು ನಿಯಮ. ಕಬ್ಬು ಇಳಿಬಿದ್ದು ರಿಫ್ಲೆಕ್ಟರ್ ಮುಚ್ಚಿಹೋದ್ರೆ ಅದು ಇದ್ದೂ ಇಲ್ಲದಂಗೆ. ಎತ್ತಿನ ಗಾಡಿಯ ಹಿಂದಿನ ಹಲಗೆಗೂ ಹೊಳೆಯೋ ಪಟ್ಟಿ ಅಂಟಿಸಬಹುದು. ಸೀಸನ್ ಶುರುವಾಗೋ ಮೊದಲು ಕಾರ್ಖಾನೆಗಳು, ಪೊಲೀಸರು ಸೇರಿ ಗೇಟ್‌ನಲ್ಲೇ ಈ ಕೆಲಸ ಮುಗಿಸಿಬಿಟ್ಟರೆ ರಸ್ತೆಯಲ್ಲಿ ಹಿಡಿಯೋ ತಾಪತ್ರಯ ಇರಲ್ಲ.

ಗಾಡಿ ಕೆಟ್ಟು ನಿಂತಾಗ ಹಿಂದೆ ದಪ್ಪ ಕಲ್ಲು ಜೋಡಿಸೋದು ರೂಢಿ. ರಿಪೇರಿ ಆದ ಮೇಲೆ ಗಾಡಿ ಹೋಗುತ್ತೆ, ಕಲ್ಲು ಅಲ್ಲೇ ಇರುತ್ತೆ.

ಸುಗ್ಗಿಯಲ್ಲಿ ನಾಗಮಂಗಲ, ಕೆ.ಆರ್. ಪೇಟೆ ಕಡೆ ರಾಗಿ, ಹುರುಳಿ ರಸ್ತೆ ಮೇಲೇ ಹರಡ್ತಾರೆ. ಗಾಡಿ ಓಡಾಡಿದ್ರೆ ಒಕ್ಕಣೆ ಪುಕ್ಕಟೆ. ಬೈಕ್ ಚಕ್ರ ಹುಲ್ಲಿನ ಮೇಲೆ ಜಾರುತ್ತೆ, ಹುರುಳಿ ಬಳ್ಳಿ ಕಾರಿನ ಆಕ್ಸಲ್‌ಗೆ ಸುತ್ತಿಕೊಂಡು ಬಿಸಿಯಾಗಿ ಬೆಂಕಿ ಹತ್ತಬಹುದು. ರೈತರನ್ನ ಬೈದು ಸುಮ್ಮನಾದ್ರೆ ಆಗಲ್ಲ, ಕಣ ಮಾಡೋಕೆ ಈಗ ಜಾಗ ಎಲ್ಲಿದೆ, ಆಳು ಎಲ್ಲಿದ್ದಾರೆ ಅನ್ನೋ ಅವರ ಪ್ರಶ್ನೆಯಲ್ಲೂ ಸತ್ಯ ಇದೆ. ಊರಿಗೊಂದು ಸಿಮೆಂಟ್ ಕಣ ಬೇಕು ಅಂತ ಗ್ರಾಮಸಭೆಯಲ್ಲಿ ಬರೆಸಿ ಕ್ರಿಯಾ ಯೋಜನೆಗೆ ಸೇರಿಸೋದು ಇದಕ್ಕಿರೋ ದಾರಿ.

ನಾಲೆ ವಿಷಯ ಜಿಲ್ಲೆ ಮರೆಯೋಕೆ ಸಾಧ್ಯ ಇಲ್ಲ. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿದ್ದರು. ಐದು ವರ್ಷ ಆದ ಮೇಲೆ, 2023ರ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರು ನಾಲೆಗೆ ಬಿದ್ದು ಐದು ಜನ ಹೋದರು. ನಾಲೆ ಪಕ್ಕದ ತಿರುವಿನಲ್ಲಿ ಬೇಕಾಗಿರೋದು ಗಾಡಿಯನ್ನ ತಡೆದು ನಿಲ್ಲಿಸೋ ತಡೆಗೋಡೆ ಇಲ್ಲವೇ ಕಬ್ಬಿಣದ ಕ್ರ್ಯಾಷ್ ಬ್ಯಾರಿಯರ್. ಸುಣ್ಣ ಬಳಿದ ನಾಲ್ಕು ಗೂಟ ದಾರಿ ತೋರಿಸುತ್ತೆ, ಗಾಡಿ ತಡೆಯಲ್ಲ. ನಿಮ್ಮೂರ ಹತ್ತಿರದ ನಾಲೆ, ಕೆರೆ ಏರಿಯಲ್ಲಿ ಇವೆರಡರಲ್ಲಿ ಯಾವುದಿದೆ ಅಂತ ಒಮ್ಮೆ ನೋಡಿಕೊಂಡು ಬನ್ನಿ.

ಹೆಲ್ಮೆಟ್, ಹುಡುಗರ ಕೈಗೆ ಕೀ, ಮುಗಿದ ಇನ್ಶೂರೆನ್ಸ್

‘ಇಲ್ಲೇ ಸಂತೆಗೆ ಹೋಗಿ ಬರ್ತೀನಿ, ಹೆಲ್ಮೆಟ್ ಯಾಕೆ’ ಅನ್ನೋದು ಪೇಟೆಯ ಮಾತು. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಜನ ಹಿಂದೆ ಕೂತವರು. ರಾಜ್ಯದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಆಗಿ 2016ರಿಂದ ಇಷ್ಟು ವರ್ಷ ಆಯ್ತು, ಪೇಟೆಯಲ್ಲಿ ಅದನ್ನ ಕೇಳೋರಿಲ್ಲ. ದಂಡ ತಪ್ಪಿಸೋಕೆ ತಗೊಳ್ಳೋ ಅರ್ಧ ಟೋಪಿ ಹೆಲ್ಮೆಟ್ ದಂಡ ಮಾತ್ರ ತಪ್ಪಿಸುತ್ತೆ. ಐಎಸ್‌ಐ ಗುರುತು, ಐಎಸ್ 4151 ಸಂಖ್ಯೆ ನೋಡಿ ತಗೊಳ್ಳಿ, ಗಲ್ಲದ ಪಟ್ಟಿ ಹಾಕಿ. ಸೀರೆ ಉಟ್ಟವರು ಕೂರೋ ಬೈಕಿಗೆ ಸ್ಯಾರಿ ಗಾರ್ಡ್ ಇರಲಿ. ಚಂದ ಕಾಣಲ್ಲ ಅಂತ ಹುಡುಗರು ಬಿಚ್ಚಿ ಹಾಕಿಸ್ತಾರೆ, ಅಮ್ಮನ ಸೆರಗು ಚಕ್ರಕ್ಕೆ ಸಿಕ್ಕೋದು ಅಲ್ಲಿಂದಲೇ.

ಹದಿನೆಂಟು ತುಂಬದ ಮಗನಿಗೆ ಬೈಕ್ ಕೊಟ್ಟು ಅಪರಾಧ ಆದ್ರೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಅಪ್ಪ ಇಲ್ಲವೇ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ಆಗೋ ತನಕ ಲೈಸೆನ್ಸ್ ಇಲ್ಲ. ಪಕ್ಕದ ಮನೆ ಹುಡುಗ ಕೇಳಿದ ಅಂತ ಅಂಗಡಿಯವರು ಸ್ಕೂಟರ್ ಕೀ ಕೊಟ್ಟಿದ್ರೂ ಮಾಲೀಕರು ಅವರೇ.

ಇನ್ನೊಂದು, ಬಹಳ ಜನ ಗಮನಿಸದೇ ಇರೋದು. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕ್ ಜೊತೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಬರ್ತಿದೆ. ಐದು ವರ್ಷ ಚಿಂತೆ ಇಲ್ಲ, ಆಮೇಲೆ ನೆನಪೂ ಇಲ್ಲ. ವಿಮೆ ಇಲ್ಲದ ಗಾಡಿ ಯಾರಿಗಾದ್ರೂ ಗುದ್ದಿದ್ರೆ ನ್ಯಾಯಮಂಡಳಿ ಹೇಳಿದ ಪರಿಹಾರವನ್ನ ಮಾಲೀಕರೇ ಕಟ್ಟಬೇಕು, ಜಮೀನು ಮಾರಿ ಆದ್ರೂ. ಕೂಲಿಯವರನ್ನ ಗೂಡ್ಸ್ ಟೆಂಪೋದಲ್ಲಿ, ಟ್ರೇಲರ್‌ನಲ್ಲಿ ತುಂಬಿಕೊಂಡು ಹೋಗೋರೂ ಇದನ್ನ ಯೋಚಿಸಬೇಕು. ಸರಕಿನ ಗಾಡಿಯಲ್ಲಿ ಪ್ರಯಾಣಿಕರಾಗಿ ಕೂತವರಿಗೆ ವಿಮೆ ಕಂಪನಿ ಕೈ ಎತ್ತುತ್ತೆ.

ಅಪಘಾತ ಆಗಿಯೇ ಬಿಟ್ಟರೆ

ಮೊದಲು 112 ಇಲ್ಲವೇ 108. ರಾಷ್ಟ್ರೀಯ ಹೆದ್ದಾರಿಯಲ್ಲಾದ್ರೆ 1033 ಕೂಡ ಇದೆ. ಊರ ಹೆಸರಿನ ಜೊತೆ ಹತ್ತಿರದ ಪೆಟ್ರೋಲ್ ಬಂಕ್, ದೇವಸ್ಥಾನ, ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಡಬೇಡಿ, ಅದು ಶ್ವಾಸಕ್ಕೆ ಇಳಿಯುತ್ತೆ. ರಕ್ತ ಸುರಿಯೋ ಕಡೆ ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡೀರಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರೋ ಅನುಮಾನ ಇದ್ರೆ ಮಡಚಿ ಆಟೋಗೆ ತುಂಬೋದು ಬೇಡ.

ಪೊಲೀಸು, ಕೋರ್ಟು ಅಂತ ಅಲೆದಾಟ ಯಾಕೆ ಅಂತ ಹಿಂದೆ ಸರಿಯೋರೇ ಜಾಸ್ತಿ. ಈ ಭಯ ಬಿಡಬಹುದು. ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಆಸ್ಪತ್ರೆಯಲ್ಲಿ ಹೆಸರು, ವಿಳಾಸ ಹೇಳು ಅಂತ ಒತ್ತಾಯ ಮಾಡುವಂತಿಲ್ಲ, ಸಾಕ್ಷಿ ಆಗೋದು ಅವರ ಇಷ್ಟ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಹೇಳೋದು ಇದನ್ನೇ. ಕರ್ನಾಟಕದಲ್ಲಿ 2016ರದ್ದೇ ಒಂದು ಪ್ರತ್ಯೇಕ ಕಾಯ್ದೆಯೂ ಇದೆ. ಗಂಭೀರವಾಗಿ ಪೆಟ್ಟಾದವರನ್ನ ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರ ಕೊಡೋ ಬಹುಮಾನ ಈಗ 25,000 ರೂಪಾಯಿ.

ಚಿಕಿತ್ಸೆ ದುಡ್ಡಿನ ವಿಷಯದಲ್ಲಿ ಎರಡು ಯೋಜನೆ ನೆನಪಿಟ್ಟುಕೊಳ್ಳಬೇಕು. ಒಂದು ರಾಜ್ಯದ್ದು, ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲ ಬಳಿ ಲಾರಿ ಹರಿದು ದೇಹ ಎರಡಾಗಿದ್ರೂ ನನ್ನ ಕಣ್ಣು ದಾನ ಮಾಡಿ ಅಂತ ಹೇಳಿ ಪ್ರಾಣ ಬಿಟ್ಟ ಗುಬ್ಬಿಯ ಯುವಕ ಹರೀಶ್ ಹೆಸರಿನದ್ದು. ಅಪಘಾತ ಆದ ಮೊದಲ 48 ಗಂಟೆಯಲ್ಲಿ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದರ ಉದ್ದೇಶ. ಇನ್ನೊಂದು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚನೆ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆ: ಗುರುತಿಸಿದ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ, ತಲಾ 1.5 ಲಕ್ಷ ರೂಪಾಯಿ ಮಿತಿಯಲ್ಲಿ. ಇದಕ್ಕೆ ಅಪಘಾತ ಅಂತ ಪೊಲೀಸರು ದೃಢಪಡಿಸಬೇಕು. ಹಾಗಾಗಿ ‘ಆಮೇಲೆ ಕಂಪ್ಲೇಂಟ್ ಕೊಟ್ಟರಾಯ್ತು’ ಅಂತ ತಡ ಮಾಡಬಾರದು. ತಾಲ್ಲೂಕು ಆಸ್ಪತ್ರೆಯಿಂದ ಮಿಮ್ಸ್‌ಗೋ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೋ ಮೈಸೂರಿಗೋ ಬರೆದುಕೊಟ್ಟಾಗ, ಹೋಗೋ ಆಸ್ಪತ್ರೆ ಯಾವ ಯೋಜನೆಯಲ್ಲಿದೆ ಅಂತ ಅಲ್ಲೇ ಕೇಳಿಕೊಂಡು ಹೊರಡಿ.

ಗುದ್ದಿ ಓಡಿಹೋದ ಗಾಡಿ ಪತ್ತೆ ಆಗದಿದ್ರೆ ಪರಿಹಾರವೇ ಇಲ್ಲ ಅಂತ ಹಳ್ಳಿಗಳಲ್ಲಿ ಈಗಲೂ ನಂಬಿಕೆ ಇದೆ. ಅದು ತಪ್ಪು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಯೋಜನೆ ಪ್ರಕಾರ ಸಾವಾಗಿದ್ರೆ 2 ಲಕ್ಷ, ತೀವ್ರ ಗಾಯ ಆಗಿದ್ರೆ 50,000 ರೂಪಾಯಿ ಸಿಗುತ್ತೆ. ಅರ್ಜಿ ಕೊಡಬೇಕಾದ್ದು ತಾಲ್ಲೂಕಿನ ಕಂದಾಯ ಅಧಿಕಾರಿಗೆ, ಅಂದ್ರೆ ತಹಶೀಲ್ದಾರ್ ಇಲ್ಲವೇ ಉಪವಿಭಾಗಾಧಿಕಾರಿ ಕಚೇರಿಯಲ್ಲಿ. ಮಂಜೂರು ಮಾಡೋದು ಜಿಲ್ಲಾಧಿಕಾರಿ. ಎಫ್‌ಐಆರ್, ಮರಣೋತ್ತರ ಪರೀಕ್ಷೆ ಇಲ್ಲವೇ ಗಾಯದ ವರದಿ, ಬ್ಯಾಂಕ್ ಪಾಸ್‌ಪುಸ್ತಕ ಜೊತೆಗಿರಲಿ. ಮಧ್ಯವರ್ತಿಗೆ ಕಮಿಷನ್ ಕೊಡೋ ಅಗತ್ಯ ಇಲ್ಲ. ಗಾಡಿ ಸಿಕ್ಕಿದ್ರೆ ವಿಷಯ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗುತ್ತೆ. ಅಲ್ಲಿ 6 ತಿಂಗಳೊಳಗೆ ಅರ್ಜಿ ಹಾಕಿಬಿಡೋದು ಒಳ್ಳೇದು.

ಮನವಿ ಬರೆಯೋದು ಹೇಗೆ

ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಎಸ್‌ಪಿ, ಲೋಕೋಪಯೋಗಿ, ಆರ್‌ಟಿಒ, ಸ್ಥಳೀಯ ಸಂಸ್ಥೆ ಅಧಿಕಾರಿಗಳು ಒಂದೇ ಮೇಜಿನಲ್ಲಿ ಕೂರೋ ಸಭೆ ಇದು. ‘ನಮ್ಮ ರಸ್ತೆ ಅಲ್ಲ’ ಅನ್ನೋ ಉತ್ತರ ನಡೆಯದ ಜಾಗ ಇದೊಂದೇ. ಸುಪ್ರೀಂ ಕೋರ್ಟ್ 2017ರಲ್ಲಿ ಇಂಥ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರಬೇಕು ಅಂತ ಹೇಳಿದ ಮೇಲೆ ಇವಕ್ಕೆ ತೂಕ ಬಂತು. ಪೇಟೆಯ ಮನವಿ ಇಲ್ಲಿಗೆ ಬರಬೇಕು, ಒಂದು ಪ್ರತಿ ರಸ್ತೆಯ ಯಜಮಾನ ಇಲಾಖೆಗೆ, ಇನ್ನೊಂದು ಠಾಣೆಗೆ.

‘ಅಪಘಾತ ಜಾಸ್ತಿ, ಕ್ರಮ ಕೈಗೊಳ್ಳಿ’ ಅಂತ ಬರೆದ ಕಾಗದ ಫೈಲಿನಲ್ಲೇ ಉಳಿಯುತ್ತೆ. ಜಾಗ ಬರೀರಿ, ಯಾವ ಅಂಗಡಿಯಿಂದ ಯಾವ ತಿರುವಿನವರೆಗೆ ಅಂತ. ಹಗಲಿನದ್ದೊಂದು, ರಾತ್ರಿದೊಂದು ಫೋಟೊ ಇಡಿ. ಎಷ್ಟು ಅಪಘಾತ, ಯಾವ ವರ್ಷ ಅಂತ ಲೆಕ್ಕ ಬೇಕು. ಪೊಲೀಸರು ಈಗ ಅಪಘಾತದ ಜಾಗವನ್ನ ಮೊಬೈಲ್ ಆ್ಯಪ್‌ನಲ್ಲೇ ದಾಖಲು ಮಾಡ್ತಾರೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ 3 ವರ್ಷದ ಪಟ್ಟಿ ಕೇಳಿದ್ರೆ 30 ದಿನದಲ್ಲಿ ಕೊಡಬೇಕು. 3 ವರ್ಷ ಯಾಕಂದ್ರೆ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಒಳಗೆ 3 ವರ್ಷದಲ್ಲಿ ಸಾವು ಇಲ್ಲವೇ ತೀವ್ರ ಗಾಯದ 5 ಅಪಘಾತ, ಅಥವಾ 10 ಸಾವು ಆಗಿದ್ರೆ ಅದು ಬ್ಲ್ಯಾಕ್ ಸ್ಪಾಟ್. ಆ ಹೆಸರು ಬಿದ್ರೆ ಸರಿಪಡಿಸೋಕೆ ಹಣ ಬರೋ ದಾರಿ ತೆರೆಯುತ್ತೆ. ರಸ್ತೆ ವಿನ್ಯಾಸದ ತಪ್ಪಿನಿಂದಲೇ ಸಾವಾಗಿದೆ ಅನ್ನಿಸಿದ್ರೆ 198ಎ ಕಲಂ ಹೆಸರಿಸಿ. ಮಾನದಂಡ ಪಾಲಿಸದ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷದವರೆಗೆ ದಂಡ ಹಾಕೋ ಕಲಂ ಅದು.

ಕೊನೆಗೆ ಏನು ಬೇಕು ಅನ್ನೋದನ್ನ ಒಂದೊಂದಾಗಿ ಬರೀರಿ: ಎತ್ತರಿಸಿದ ಕ್ರಾಸಿಂಗ್, ಎರಡು ಕಂಬಕ್ಕೆ ದೀಪ, ಬಸ್ ನಿಲ್ಲೋ ಜಾಗ ಸರ್ಕಲ್ ದಾಟಿ ಮುಂದಕ್ಕೆ, ಒಡೆದ ಚರಂಡಿ ಚಪ್ಪಡಿ. ವರ್ತಕರ ಸಂಘ, ಶಾಲೆ ಮುಖ್ಯಶಿಕ್ಷಕರು, ಆಟೋ ನಿಲ್ದಾಣದವರು ಒಂದೇ ಕಾಗದಕ್ಕೆ ಸಹಿ ಹಾಕಿದ್ರೆ ಒಬ್ಬರ ಮೇಲೊಬ್ಬರು ಹೇಳಿಕೊಳ್ಳೋ ಅವಕಾಶ ಕಮ್ಮಿ. ಟಪಾಲು ವಿಭಾಗದಲ್ಲಿ ಕೊಡುವಾಗ ನಿಮ್ಮ ಪ್ರತಿ ಮೇಲೆ ದಿನಾಂಕದ ಸಮೇತ ಸೀಲು ಹಾಕಿಸಿಕೊಳ್ಳೋದನ್ನ ಮರೀಬೇಡಿ. ಮುಂದಿನ ಸಮಿತಿ ಸಭೆ ಯಾವಾಗ ಅಂತ ಕೇಳೋಕೆ ಹೋದಾಗ ತೋರಿಸೋಕೆ ಬೇಕಾಗೋದು ಆ ಸೀಲೇ.